ಫೋಮ್ ಬೋರ್ಡಿನಲ್ಲಿ ಹಂಪಿಯ ಕಲ್ಲುಗೋಡೆ: ನಾಟಕದ ಸೆಟ್ಟಿಗೆ ಪ್ಯಾನಲ್ ಮಾಡುವ ಪೂರ್ತಿ ವಿಧಾನ

ಐತಿಹಾಸಿಕ ನಾಟಕ ಅಂದ ಮೇಲೆ ಕೋಟೆ ಗೋಡೆ ಬೇಕೇ ಬೇಕು. ಶಾಲೆಯ ವಾರ್ಷಿಕೋತ್ಸವ ಇರಲಿ, ಹವ್ಯಾಸಿ ತಂಡದ ಪ್ರದರ್ಶನ ಇರಲಿ, ಹಿಂದೆ ಒಂದು ಬೂದು ಗೋಡೆ ನಿಂತಿರುತ್ತದೆ. ಅದರ ಮೇಲೆ ಒಂದೇ ಅಳತೆಯ ಚೌಕಗಳು, ಚೌಕದ ಸುತ್ತ ದಪ್ಪ ಬಿಳಿ ಗೆರೆ. ನೋಡಿದವರಿಗೆ ವಿಜಯನಗರ ನೆನಪಾಗುವ ಬದಲು ಪಕ್ಕದ ಲೇಔಟಿನ ಕಾಂಪೌಂಡ್ ನೆನಪಾಗುತ್ತದೆ. ಬಣ್ಣ ಎಷ್ಟೇ ಚೆನ್ನಾಗಿ ಹಚ್ಚಿದರೂ ಇದು ಸರಿಹೋಗುವುದಿಲ್ಲ. ಯಾವ ಗೋಡೆ, ಯಾವ ಕಲ್ಲು ಅಂತ ಮೊದಲೇ ತೀರ್ಮಾನ ಮಾಡದೆ "ಸುಮ್ನೆ ಒಂದು ಕಲ್ಲಿನ ಗೋಡೆ" ಮಾಡಲು ಹೊರಟರೆ ಹೀಗೇ ಆಗುವುದು.

ಹಾಗಾಗಿ ಇಲ್ಲಿ ಒಂದೇ ಗೋಡೆಯನ್ನು ಹಿಡಿದುಕೊಳ್ಳುತ್ತೇನೆ: ಹಂಪಿಯ ಕೋಟೆ ಗೋಡೆ. 2400 × 1200 ಮಿಲಿಮೀಟರಿನ ಒಂದು ಪ್ಯಾನಲ್ ಮಾಡುವುದು ಹೇಗೆ ಎಂದು ಹೇಳುತ್ತೇನೆ. ಇಂಥ ನಾಲ್ಕು ಪ್ಯಾನಲ್ ಸೇರಿಸಿದರೆ ಚಿಕ್ಕ ವೇದಿಕೆಯ ಹಿನ್ನೆಲೆಗೆ ಸಾಕು.

ಮೊದಲು ಕಲ್ಲನ್ನು ನೋಡಿ

ನಮ್ಮ ರಾಜ್ಯದಲ್ಲೇ ಕಲ್ಲಿಗೆ ಎಷ್ಟು ಮುಖ ಇದೆ ನೋಡಿ. ಬಾದಾಮಿಯದು ಕೆಂಪು ಮರಳುಗಲ್ಲು. ಅದರಲ್ಲಿ ಅಡ್ಡಡ್ಡ ಪದರಗಳು ಕಾಣುತ್ತವೆ. ಹಳೇಬೀಡಿನದು ಬಳಪದ ಕಲ್ಲು. ನುಣುಪು, ಕಪ್ಪು ಹಸಿರು ಛಾಯೆಯ ಬೂದು. ಕರಾವಳಿಯ ಮುರಕಲ್ಲು ತುಂಬಾ ತೂತು ತೂತು, ಇಟ್ಟಿಗೆಯಂತೆ ಒಂದೇ ಅಳತೆಗೆ ಕಡಿದಿರುತ್ತಾರೆ. ಹಂಪಿ ಮತ್ತು ಚಿತ್ರದುರ್ಗದ ಕೋಟೆಗಳದು ಗ್ರಾನೈಟ್. ಬಾದಾಮಿಯ ದೃಶ್ಯಕ್ಕೆ ಗ್ರಾನೈಟ್ ಗೋಡೆ ನಿಲ್ಲಿಸಿದರೆ ಊರು ಗೊತ್ತಿರುವ ಪ್ರೇಕ್ಷಕ ಮೊದಲ ಅಂಕದಲ್ಲೇ ಮುಖ ಸಿಂಡರಿಸುತ್ತಾನೆ.

ಹಂಪಿಯ ಗೋಡೆಯಲ್ಲಿ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕಲ್ಲುಗಳ ನಡುವೆ ಗಾರೆ ಇಲ್ಲ. ಒಂದರ ಪಕ್ಕ ಒಂದನ್ನು ಬಿಗಿಯಾಗಿ ಕೂರಿಸಿದ್ದಾರೆ, ಆದ್ದರಿಂದ ಸಂದು ತೆಳ್ಳಗಿನ ಕಪ್ಪು ಗೆರೆ, ಅಷ್ಟೇ. ಕಲ್ಲುಗಳ ಅಳತೆ ಒಂದೇ ಸಮ ಇಲ್ಲ. ದೊಡ್ಡ ಕಲ್ಲಿನ ಮೂಲೆಯಲ್ಲಿ ಒಂದು ಮೆಟ್ಟಿಲಿನಂತೆ ಕಡಿದು ಅಲ್ಲಿ ಚಿಕ್ಕ ಕಲ್ಲನ್ನು ಹೊಂದಿಸಿರುತ್ತಾರೆ. ಸಾಲುಗಳು ಹೆಚ್ಚುಕಮ್ಮಿ ಅಡ್ಡವಾಗಿಯೇ ಹೋಗುತ್ತವೆ, ಆದರೆ ನಡುನಡುವೆ ಏರುತ್ತವೆ, ಇಳಿಯುತ್ತವೆ. ಗೋಡೆ ಮೇಲಕ್ಕೆ ಹೋಗುತ್ತಾ ಸ್ವಲ್ಪ ಒಳಕ್ಕೆ ವಾಲುತ್ತದೆ. ರಾಣಿವಾಸವೆನ್ನುವ ಜನಾನಾ ಆವರಣದ ಎತ್ತರದ ಗೋಡೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಗುರುತು ಬೆಣೆಯ ಗುಳಿಗಳು. ಬಂಡೆ ಸೀಳುವಾಗ ಸಾಲಾಗಿ ಚೌಕಾಕಾರದ ಗುಳಿ ಕಡಿದು, ಅದರಲ್ಲಿ ಬೆಣೆ ಇಟ್ಟು ಒಡೆಯುತ್ತಿದ್ದರು. ಬಂಡೆ ಆ ಸಾಲಿನುದ್ದಕ್ಕೂ ಸೀಳಿದ ಕಾರಣ ಎಷ್ಟೋ ಕಲ್ಲುಗಳ ಅಂಚಿನಲ್ಲಿ ಅರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿದುಬಿಟ್ಟಿವೆ. ನಿಮ್ಮ ಪ್ಯಾನಲ್‌ನಲ್ಲಿ ಎರಡೋ ಮೂರೋ ಕಲ್ಲಿಗೆ ಇದನ್ನು ಮಾಡಿದರೆ ಸಾಕು, ಗೋಡೆಗೆ ಊರು ಸಿಕ್ಕಿಬಿಡುತ್ತದೆ.

ಫೋಟೊ ತೆಗೆಯುವುದಾದರೆ ಬೆಳಿಗ್ಗೆ ಇಲ್ಲವೇ ಸಂಜೆ ತೆಗೆಯಿರಿ. ಓರೆ ಬಿಸಿಲಿನಲ್ಲಿ ಉಬ್ಬುತಗ್ಗು ಕಾಣುತ್ತದೆ. ಮಧ್ಯಾಹ್ನದ ಫೋಟೊ ಈ ಕೆಲಸಕ್ಕೆ ಬರುವುದಿಲ್ಲ. ಅಳತೆಗೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ.

ಯಾವ ಫೋಮ್?

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು ನಮಗೆಲ್ಲ ಗೊತ್ತಿರುವ ಬಿಳಿ ಥರ್ಮಾಕೋಲ್, ಅಂದರೆ ಇಪಿಎಸ್. ಇನ್ನೊಂದು ಎಕ್ಸ್‌ಪಿಎಸ್. ಛಾವಣಿಗೆ ಬಿಸಿಲು ತಡೆಯಲು ಹಾಕುವ ಗಟ್ಟಿ ಬೋರ್ಡ್ ಇದು, ಹೆಚ್ಚಾಗಿ ಬಣ್ಣದ್ದಿರುತ್ತದೆ. ಇಪಿಎಸ್ ಕತ್ತರಿಸಿದರೆ ಕಾಳು ಕಾಳಾಗಿ ಉದುರುತ್ತದೆ. ಆ ಕಾಳುಗಳ ಗುರುತು ಎಷ್ಟು ಬಣ್ಣ ಹಚ್ಚಿದರೂ ಇಣುಕುತ್ತದೆ. ಎಕ್ಸ್‌ಪಿಎಸ್‌ನಲ್ಲಿ ಕಾಳಿಲ್ಲ, ಬ್ಲೇಡ್ ಎಳೆದ ಕಡೆ ಚೊಕ್ಕ ಗೆರೆ ಬೀಳುತ್ತದೆ, ಒತ್ತಿದರೆ ಒತ್ತಿದ ಗುರುತು ಹಾಗೇ ಉಳಿಯುತ್ತದೆ. ಬೆಲೆ ಜಾಸ್ತಿ, ನಿಜ. ಆದರೂ ನಾನು ಎಕ್ಸ್‌ಪಿಎಸ್ ಪಕ್ಷವೇ.

ಕಾನೂನಿನ ಮಾತೂ ಇದೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಹಾಗಾಗಿ ಮದುವೆ ಮಂಟಪಕ್ಕೋ ಗಣೇಶನ ಪೆಂಡಾಲಿಗೋ ಒಂದು ದಿನದ ಮಟ್ಟಿಗೆ ಇದನ್ನು ಮಾಡಿ ಮರುದಿನ ಚರಂಡಿ ಪಕ್ಕ ಬಿಸಾಡುವ ಯೋಚನೆ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇಲ್ಲಿ ಹೇಳುವ ಪ್ಯಾನಲ್ ಕಟ್ಟಡಕ್ಕೆ ಬಳಸುವ ಬೋರ್ಡಿನದು, ಮರದ ಚೌಕಟ್ಟಿನದು, ವರ್ಷಗಟ್ಟಲೆ ಬಾಳುವಂಥದ್ದು.

ಎಕ್ಸ್‌ಪಿಎಸ್ ಬೋರ್ಡ್ ಸಾಮಾನ್ಯವಾಗಿ 1250 × 600 ಮಿಮೀ ಅಳತೆಯಲ್ಲಿ ಬರುತ್ತದೆ. 50 ಮಿಮೀ ದಪ್ಪದ್ದು ತೆಗೆದುಕೊಳ್ಳಿ. ನಾಲ್ಕು ಬೋರ್ಡ್ ಜೋಡಿಸಿದರೆ 2500 × 1200 ಆಗುತ್ತದೆ, ತುದಿ ಕತ್ತರಿಸಿದರೆ ನಮ್ಮ ಪ್ಯಾನಲ್. ಇಷ್ಟು ಫೋಮ್ ಸುಮಾರು 5 ಕಿಲೋ ತೂಗುತ್ತದೆ. ಬೆಂಕಿ ನಿಧಾನವಾಗಿ ಹಿಡಿಯುವ ದರ್ಜೆಯದು ಇದೆಯೇ ಎಂದು ಕೇಳಿ, ಇದ್ದರೆ ಅದನ್ನೇ ತನ್ನಿ.

ಉಳಿದ ಸಾಮಾನು

4 ಮಿಮೀ ಪ್ಲೈವುಡ್ ಒಂದು ಶೀಟು, ಚೌಕಟ್ಟಿಗೆ ಮರದ ರೀಪರ್, ಫೆವಿಕಾಲ್ (ಬಿಳಿಯದು), ಪಿಯು ಫೋಮ್ ಡಬ್ಬಿ (ಉಬ್ಬಿ ಗಟ್ಟಿಯಾಗುವ ಅಂಟು), ವಾಲ್ ಪುಟ್ಟಿ, ಜರಡಿ ಹಿಡಿದ ಸಣ್ಣ ಮರಳು, ತೆಳ್ಳನೆಯ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವಂಥ ಜಾಲರಿ ಬಟ್ಟೆ). ಬಣ್ಣಕ್ಕೆ ಬಿಳಿ ಎಮಲ್ಷನ್, ಕಪ್ಪು, ಕಂದು, ಕೆಂಪು, ಹಳದಿ ಸ್ಟೇನರ್ (ಎಮಲ್ಷನ್ನಿಗೆ ಬೆರೆಸುವ ಗಾಢ ಬಣ್ಣ) ಬಾಟಲಿಗಳು. ಒಂದು ಹಿಡಿ ಕೆಮ್ಮಣ್ಣು. ಉಪಕರಣಕ್ಕೆ ಉದ್ದ ಬ್ಲೇಡಿನ ಕಟ್ಟರ್, ತಂತಿ ಬ್ರಷ್, 60 ನಂಬರಿನ ಸ್ಯಾಂಡ್ ಪೇಪರ್, ಸೋಲ್ಡರಿಂಗ್ ಐರನ್, ಹಳೇ ಬ್ರಷ್‌ಗಳು, ಸ್ಪಂಜು, ನೀರು ಚಿಮುಕಿಸುವ ಬಾಟಲಿ. ಅಂಗೈ ತುಂಬುವ ಎರಡು ಮೂರು ಗ್ರಾನೈಟ್ ಜಲ್ಲಿ ಕಲ್ಲು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬೇಡವಾದ ಸಾಮಾನಿನ ಪಟ್ಟಿ ಇದಕ್ಕಿಂತ ಮುಖ್ಯ. ಪೆಟ್ರೋಲ್, ಥಿನ್ನರ್, ಅಸಿಟೋನ್, ಡಬ್ಬಿಯಲ್ಲಿ ಬರುವ ಸಾಧಾರಣ ಸ್ಪ್ರೇ ಬಣ್ಣ, ಚಪ್ಪಲಿ ಅಂಟಿಸುವ ರಬ್ಬರ್ ಗಮ್, ಇವೆಲ್ಲ ಫೋಮನ್ನು ಕರಗಿಸುತ್ತವೆ. ಎಣ್ಣೆ ಬಣ್ಣದ ಹತ್ತಿರವೂ ಹೋಗಬೇಡಿ. ನೀರಿನಲ್ಲಿ ಕಲಸುವ ಬಣ್ಣ ಮಾತ್ರ.

ಹಲಗೆ ಸಿದ್ಧ ಮಾಡುವುದು

ರೀಪರಿನಿಂದ 2400 × 1200ರ ಚೌಕಟ್ಟು ಮಾಡಿ, ನಡುವೆ ಎರಡು ಅಡ್ಡಪಟ್ಟಿ ಕೊಡಿ. ಅದರ ಮೇಲೆ ಪ್ಲೈವುಡ್ ಕತ್ತರಿಸಿ ಹೊಡೆಯಿರಿ. ಬೋರ್ಡುಗಳ ಎರಡೂ ಮುಖದ ಹೊಳಪಿನ ಸಿಪ್ಪೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಈ ಸಿಪ್ಪೆ ಇದ್ದರೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಪ್ಲೈವುಡ್ಡಿಗೆ ಫೋಮ್ ಅಂಟಿಸಲು ಫೆವಿಕಾಲ್ ಆಗುತ್ತದೆ, ಮರ ನೀರು ಹೀರಿಕೊಳ್ಳುತ್ತದೆ. ಆದರೆ ಫೋಮಿಗೆ ಫೋಮ್ ಅಂಟಿಸುವಲ್ಲಿ ಫೆವಿಕಾಲ್ ಗಾಳಿ ಸಿಗದೆ ವಾರವಾದರೂ ಹಸಿಯಾಗಿಯೇ ಇರಬಹುದು. ಆ ಅಂಚುಗಳಿಗೆ ಪಿಯು ಫೋಮ್ ತೆಳ್ಳಗೆ ಹಾಕಿ. ಅದು ಉಬ್ಬುತ್ತದೆ, ಬೋರ್ಡನ್ನು ಮೇಲೆತ್ತುತ್ತದೆ, ಆದ್ದರಿಂದ ಮೇಲೆ ಇಟ್ಟಿಗೆ ಹೇರಿ ರಾತ್ರಿಯಿಡೀ ಬಿಡಿ.

ಕಲ್ಲು ಬರೆಯುವುದು

ಪರ್ಮನೆಂಟ್ ಮಾರ್ಕರ್ ಬಳಸಬೇಡಿ. ಅದರ ಶಾಯಿ ಎಮಲ್ಷನ್ ಬಣ್ಣವನ್ನು ದಾಟಿ ಮೇಲೆ ಬರುತ್ತದೆ. ಬಾಲ್‌ಪೆನ್ ಒಳ್ಳೆಯದು, ಒತ್ತಿ ಬರೆದರೆ ಗೆರೆಯ ಜೊತೆ ಒಂದು ಸಣ್ಣ ಕಾಲುವೆಯೂ ಆಗುತ್ತದೆ, ಬ್ಲೇಡ್ ಜಾರುವುದಿಲ್ಲ.

ಸ್ಕೇಲ್ ಎತ್ತಿಡಿ. ಮೊದಲು ಏಳೆಂಟು ದೊಡ್ಡ ಕಲ್ಲು ಬರೆಯಿರಿ, ಕೆಳಗಡೆ ಜಾಸ್ತಿ, ಮೇಲೆ ಕಡಿಮೆ. ಒಂದೊಂದು 600–700 ಮಿಮೀ ಅಗಲ ಇರಲಿ. ಆಮೇಲೆ ನಡುವಿನ ಜಾಗವನ್ನು ಮಧ್ಯಮ ಕಲ್ಲುಗಳಿಂದ ತುಂಬಿ. ಕೊನೆಗೆ ಎರಡು ಮೂರು ಕಡೆ ದೊಡ್ಡ ಕಲ್ಲಿನ ಮೂಲೆ ಕಡಿದು ಚಿಕ್ಕದನ್ನು ಕೂರಿಸಿ. ನಾಲ್ಕು ಕಲ್ಲಿನ ಮೂಲೆ ಒಂದೇ ಬಿಂದುವಿನಲ್ಲಿ ಸೇರಬಾರದು. ಮೇಲಿನ ಸಾಲಿನ ಲಂಬ ಸಂದು ಕೆಳಗಿನ ಸಾಲಿನ ಸಂದಿನ ನೇರಕ್ಕೆ ಬರಬಾರದು. ಹಾಗೆ ಕಟ್ಟಿದ ಗೋಡೆ ನಿಲ್ಲುವುದಿಲ್ಲ ಎಂದು ಕಲ್ಲು ಕೆಲಸದವರು ನೋಡಿದ ಕೂಡಲೇ ಹೇಳುತ್ತಾರೆ.

ಪ್ಯಾನಲ್‌ಗಳ ನಡುವಿನ ನೇರ ಗೆರೆ ದೊಡ್ಡ ತಲೆನೋವು. ಗೋಡೆ ಎಷ್ಟೇ ಚೆನ್ನಾಗಿದ್ದರೂ 1200 ಮಿಮೀಗೊಂದು ಮೇಲಿಂದ ಕೆಳಗಿನ ತನಕ ಸೀಳು ಕಂಡರೆ ಮಾಯೆ ಹೋಯಿತು. ಇದಕ್ಕೆ ಉಪಾಯ ಹೀಗಿದೆ. ಎರಡು ಪ್ಯಾನಲನ್ನು ಪಕ್ಕಪಕ್ಕ ಮಲಗಿಸಿಯೇ ಕಲ್ಲು ಬರೆಯಿರಿ. ಸೀಳನ್ನು ದಾಟುವ ಮೂರು ನಾಲ್ಕು ಕಲ್ಲುಗಳ ಜಾಗದಲ್ಲಿ ಫೋಮನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಕಲ್ಲುಗಳನ್ನು ಬೇರೆಯಾಗಿ ಮಾಡಿ. ರಂಗದ ಮೇಲೆ ಪ್ಯಾನಲ್ ನಿಲ್ಲಿಸಿದ ಮೇಲೆ ಈ ಬಿಡಿ ಕಲ್ಲುಗಳನ್ನು ವೆಲ್ಕ್ರೋ ಪಟ್ಟಿಯಿಂದ ಕೂರಿಸಿದರೆ ಸೀಳು ಮುಚ್ಚಿಹೋಗುತ್ತದೆ. ಬಿಡಿ ಕಲ್ಲಿನ ಹಿಂದೆ ನಂಬರ್ ಬರೆದಿಡಿ. ಪ್ರದರ್ಶನದ ದಿನ ಯಾವುದು ಎಲ್ಲಿಗೆ ಅಂತ ಹುಡುಕಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕೆತ್ತನೆ

ಸಂದಿಗೆ ಎರಡು ಸಲ ಬ್ಲೇಡ್ ಎಳೆಯಬೇಕು, ಎರಡೂ ಬದಿಯಿಂದ ಓರೆಯಾಗಿ, ನಡುವಿನ ತುಂಡು ಎಳೆಯಾಗಿ ಎದ್ದು ಬರುವಂತೆ. ಅಗಲ 4–5 ಮಿಮೀ ಸಾಕು, ಆಳ 15 ಮಿಮೀ ಇರಲಿ. ತೆಳ್ಳಗೆ, ಆಳಕ್ಕೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಅಗಲವಾಗಿ ಮೇಲ್ಮೇಲೆ ಕೊರೆಯುತ್ತಾರೆ, ಗೋಡೆ ಚಪಾತಿ ಮೇಲೆ ಗೆರೆ ಹಾಕಿದಂತೆ ಕಾಣುತ್ತದೆ. ಪ್ರೇಕ್ಷಕರ ಮೊದಲ ಸಾಲು ಐದಾರು ಮೀಟರ್ ದೂರ ಇರುತ್ತದೆ. ಅಲ್ಲಿಗೆ ಕಾಣಬೇಕಾದದ್ದು ಸಂದಿನೊಳಗಿನ ಕತ್ತಲು.

ಬ್ಲೇಡ್ ಮೊಂಡಾದ ಕೂಡಲೇ ತುದಿ ಮುರಿದು ಹೊಸದು ತೆಗೆಯಿರಿ. ಮೊಂಡು ಬ್ಲೇಡ್ ಫೋಮನ್ನು ಕಿತ್ತು ಹಾಕುತ್ತದೆ.

ಸಂದು ಆದ ಮೇಲೆ ಕಲ್ಲಿನ ಅಂಚುಗಳನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಮೊಂಡು ಮಾಡಿ. ನೂರಾರು ವರ್ಷ ಮಳೆ ಬಿಸಿಲು ತಿಂದ ಕಲ್ಲಿಗೆ ಚೂಪು ಅಂಚು ಇರುವುದಿಲ್ಲ. ಕೆಲವು ಕಲ್ಲಿನ ಮುಖವನ್ನು 8–10 ಮಿಮೀ ತಗ್ಗಿಸಿ, ಕೆಲವನ್ನು ಹಾಗೇ ಉಬ್ಬಾಗಿ ಬಿಡಿ. ಒಂದೆರಡನ್ನು ಒಂದು ಪಕ್ಕಕ್ಕೆ ಇಳಿಜಾರಾಗಿ ಉಜ್ಜಿ. ಪಕ್ಕದಿಂದ ಲೈಟ್ ಬಿದ್ದಾಗ ಪ್ರತಿ ಕಲ್ಲೂ ಬೇರೆ ಬೇರೆ ಬಣ್ಣದ್ದಾಗಿ ಕಾಣುವುದು ಈ ಇಳಿಜಾರಿನಿಂದಲೇ.

ಈಗ ಜಲ್ಲಿ. ಅಂಗೈ ತುಂಬುವ ಒಂದು ಜಲ್ಲಿ ಕಲ್ಲನ್ನು ಹಿಡಿದು ಫೋಮಿನ ಮೇಲೆ ಒತ್ತಿ, ಕೈ ತಿರುಗಿಸುತ್ತಾ ಮತ್ತೆ ಒತ್ತಿ. ಒಡೆದ ಗ್ರಾನೈಟಿನ ಮುಖವೇ ಅಚ್ಚಾಗಿ ಬೀಳುತ್ತದೆ. ಒಂದೇ ಕೋನದಲ್ಲಿ ಒತ್ತುತ್ತಾ ಹೋದರೆ ಅಚ್ಚು ಹಾಕಿದ್ದು ಗೊತ್ತಾಗಿಬಿಡುತ್ತದೆ, ಆದ್ದರಿಂದ ಎರಡು ಮೂರು ಬೇರೆ ಬೇರೆ ಜಲ್ಲಿ ಬಳಸಿ. ಕೆಲವು ಕಲ್ಲಿಗೆ ಉಳಿ ಏಟಿನ ಗುರುತು ಬೇಕು. ಸ್ಕ್ರೂಡ್ರೈವರ್ ತುದಿಯನ್ನು ಓರೆಯಾಗಿ ಚುಚ್ಚಿ, ಸಾಲು ಸಾಲಾಗಿ, ಆದರೆ ತೀರಾ ಅಚ್ಚುಕಟ್ಟಾಗಿ ಬೇಡ.

ಬೆಣೆ ಗುಳಿಗಳನ್ನು ಕಲ್ಲಿನ ಮೇಲಂಚಿನಲ್ಲೋ ಪಕ್ಕದಂಚಿನಲ್ಲೋ ಸಾಲಾಗಿ ಗುರುತು ಮಾಡಿ ಬ್ಲೇಡಿನಿಂದ ಚೌಕವಾಗಿ ತೆಗೆಯಿರಿ. ನಡುವಿನ ಅಂತರವನ್ನು ನಿಮ್ಮ ಫೋಟೊ ನೋಡಿ ಇಟ್ಟುಕೊಳ್ಳಿ. ಒಂದು ಕಲ್ಲಿನಲ್ಲಿ ಪೂರ್ತಿ ಗುಳಿಗಳ ಸಾಲನ್ನು ಮುಖದ ನಡುವೆಯೇ ಹಾಕಬಹುದು. ಸೀಳಲು ಹೊರಟು ಅರ್ಧಕ್ಕೇ ಬಿಟ್ಟ ಬಂಡೆಗಳು ಹಂಪಿಯ ಸುತ್ತಮುತ್ತ ಬೇಕಾದಷ್ಟಿವೆ.

ಬಿರುಕು ಮತ್ತು ಸೂಕ್ಷ್ಮ ಮೂಲೆಗಳಿಗೆ ಸೋಲ್ಡರಿಂಗ್ ಐರನ್ ಸರಿ. ಆದರೆ ಫೋಮ್ ಸುಟ್ಟರೆ ಬರುವ ಹೊಗೆ ಒಳ್ಳೆಯದಲ್ಲ. ಬಯಲಿನಲ್ಲೇ ಮಾಡಿ, ಹೊಗೆ ಮುಖಕ್ಕೆ ಬಾರದಂತೆ ಗಾಳಿಗೆ ಬೆನ್ನು ಕೊಟ್ಟು ಕೂರಿ. ಉಜ್ಜುವಾಗ ಧೂಳಿನ ಮಾಸ್ಕ್ ಬೇಕು. ಬಟ್ಟೆಯ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಕೆಳಗೆ ಟಾರ್ಪಾಲ್ ಹಾಸಿ ಪುಡಿಯನ್ನೆಲ್ಲ ಚೀಲಕ್ಕೆ ತುಂಬಿ. ಗಾಳಿಗೆ ಹಾರಿ ಮೋರಿ ಸೇರಿದರೆ ಅದನ್ನು ಮತ್ತೆ ಹಿಡಿಯಲು ಆಗುವುದಿಲ್ಲ. ಸುಡಲೇಬೇಡಿ.

ಗಟ್ಟಿ ಲೇಪ

ಬರೀ ಫೋಮ್ ಮೇಲೆ ಬಣ್ಣ ಹಚ್ಚಿದರೆ ಮೊದಲ ರಿಹರ್ಸಲ್‌ನಲ್ಲೇ ಯಾರದ್ದೋ ಕತ್ತಿಯ ತುದಿ ತಾಗಿ ನೀಲಿ ಫೋಮ್ ಇಣುಕುತ್ತದೆ. ಮೂರು ಪಾಲು ವಾಲ್ ಪುಟ್ಟಿ, ಒಂದು ಪಾಲು ಫೆವಿಕಾಲ್, ಸ್ವಲ್ಪ ಸಣ್ಣ ಮರಳು, ದೋಸೆ ಹಿಟ್ಟಿನ ಹದ ಬರುವಷ್ಟು ನೀರು. ಪುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ, ಬಕೆಟ್ಟಿನಲ್ಲೇ ಗಟ್ಟಿಯಾಗುತ್ತದೆ. ಸಿಮೆಂಟ್ ಅಂಶ ಇರುವ ಪುಟ್ಟಿಯಾದರೆ ಕೈಗವಸು ಹಾಕಿಕೊಳ್ಳಿ.

ಮೊದಲ ಕೋಟ್ ತೆಳ್ಳಗೆ. ಬ್ರಷ್‌ನಿಂದ ಬಳಿಯುವುದಕ್ಕಿಂತ ಕುಕ್ಕುವುದು ಒಳ್ಳೆಯದು, ಬ್ರಷ್ ಗೆರೆ ಕಾಣುವುದಿಲ್ಲ. ಸಂದಿನಲ್ಲಿ ಲೇಪ ತುಂಬಿಕೊಂಡರೆ ಹಸಿ ಇರುವಾಗಲೇ ಕಡ್ಡಿಯಿಂದ ತೆಗೆಯಿರಿ. ಒಂದು ದಿನ ಒಣಗಿದ ಮೇಲೆ ಎರಡನೇ ಕೋಟ್. ಕೆಳಗಿನ ಒಂದು ಮೀಟರ್ ಮತ್ತು ಪಕ್ಕದ ಅಂಚುಗಳಿಗೆ ಕಾಲು, ಕುರ್ಚಿ, ಲಾರಿ ಎಲ್ಲವೂ ತಾಗುತ್ತವೆ. ಅಲ್ಲಿ ಎರಡನೇ ಕೋಟಿನ ಜೊತೆ ಗಾಜ್ ಬಟ್ಟೆಯನ್ನೂ ಅಂಟಿಸಿ. ಒಣಗಿದ ಮೇಲೆ ಪ್ಯಾನಲ್ ತೂಕ 20 ಕಿಲೋ ದಾಟಬಹುದು. ಎತ್ತಲು ಇಬ್ಬರು ಬೇಕು.

ಬಣ್ಣ

ಹಂಪಿಯ ಕಲ್ಲು ಬೂದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಗುಲಾಬಿ ಇದೆ, ಕಿತ್ತಳೆ ಇದೆ, ಸಂಜೆಗೆ ಪೂರ್ತಿ ಜೇನಿನ ಬಣ್ಣವೇ. ಕಪ್ಪು ಬಿಳಿ ಬೆರೆಸಿ ಮಾಡಿದ ಬೂದು ಹಚ್ಚಿದರೆ ಗೋಡೆ ಸಿಮೆಂಟಿನದಾಗುತ್ತದೆ. ಬೂದು ಬಣ್ಣದಲ್ಲಿ ಯಾವಾಗಲೂ ಸ್ವಲ್ಪ ಕಂದು ಮತ್ತು ಕೆಂಪು ಸೇರಿರಬೇಕು.

ಮೊದಲು ಇಡೀ ಪ್ಯಾನಲಿಗೆ ಕಡು ಕಂದುಗಪ್ಪು ಬಣ್ಣ. ಸಂದಿನ ಆಳಕ್ಕೆ ಇಳಿಯುವಂತೆ ತೆಳುವಾಗಿ ಕಲಸಿ. ಒಣಗಲಿ.

ಆಮೇಲೆ ಮೂರು ಡಬ್ಬಿಯಲ್ಲಿ ಮೂರು ನಡುಬಣ್ಣ ಮಾಡಿಕೊಳ್ಳಿ: ಬೆಚ್ಚನೆಯ ಬೂದು, ಗುಲಾಬಿ ಬೂದು, ಹಳದಿ ಬೂದು. ಸ್ಪಂಜಿನಿಂದ ಕಲ್ಲಿನ ಮುಖಕ್ಕೆ ಮಾತ್ರ ಒತ್ತಿ, ಸಂದಿನ ಕಪ್ಪು ಹಾಗೇ ಉಳಿಯಲಿ. ಒಂದು ಕಲ್ಲಿಗೆ ಒಂದು ಬಣ್ಣ ಅಂತ ಹಂಚಬೇಡಿ, ಚದುರಂಗದ ಹಾಸಿನಂತೆ ಕಾಣುತ್ತದೆ. ಒಂದೇ ಕಲ್ಲಿನಲ್ಲಿ ಎರಡು ಬಣ್ಣ ಹಸಿ ಇರುವಾಗಲೇ ಬೆರೆಯಲಿ, ಪಕ್ಕದ ಕಲ್ಲಿನಲ್ಲಿ ಮೂರನೆಯದು ಜಾಸ್ತಿ ಆಗಲಿ.

ಮೂರನೆಯ ಹಂತ ನೀರ್‌ಬಣ್ಣ. ಒಂದು ಪಾಲು ಕಡುಬಣ್ಣಕ್ಕೆ ಎಂಟು ಹತ್ತು ಪಾಲು ನೀರು, ಎರಡು ಚಮಚ ಫೆವಿಕಾಲ್. ಇದನ್ನು ಬಳಿದು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ. ಜಲ್ಲಿಯ ಅಚ್ಚಿನ ತಗ್ಗುಗಳಲ್ಲಿ ಕಪ್ಪು ಉಳಿಯುತ್ತದೆ, ಉಬ್ಬು ಬೆಳಗುತ್ತದೆ. ಅಲ್ಲಿಯವರೆಗೆ ಪೇಲವವಾಗಿದ್ದ ಪ್ಯಾನಲ್ ಇಲ್ಲಿಂದ ಕಲ್ಲಾಗಲು ಶುರು. ಕೆಳಗಿನ ಸಾಲಿಗೆ ಕೆಮ್ಮಣ್ಣು ಕಲಸಿದ ನೀರು ಕೊಡಿ. ಮಳೆಗೆ ನೆಲದ ಮಣ್ಣು ಸಿಡಿದಂತೆ ಒಂದಡಿ ಎತ್ತರದವರೆಗೆ, ಮೇಲಕ್ಕೆ ಹೋಗುತ್ತಾ ಮಾಸುವಂತೆ. ಈ ನೀರಿಗೂ ಫೆವಿಕಾಲ್ ಸೇರಿಸಿ, ಇಲ್ಲವಾದರೆ ನಟರ ಬಟ್ಟೆಗೆಲ್ಲ ಕೆಂಪು.

ನಂತರ ಒಣ ಬ್ರಷ್. ತಿಳಿ ಬಣ್ಣದಲ್ಲಿ ಬ್ರಷ್ ಅದ್ದಿ, ಪೇಪರಿನ ಮೇಲೆ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ ಉಬ್ಬುಗಳ ಮೇಲೆ ಸವರಿ. ಮೇಲಿನ ಅಂಚಿಗೆ ಜಾಸ್ತಿ, ಕೆಳಗಿನ ಅಂಚಿಗೆ ಕಡಿಮೆ. ಇದರಲ್ಲಿ ಕೈ ತಡೆಯುವುದು ಕಷ್ಟ. ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ.

ಗ್ರಾನೈಟಿಗೆ ಚುಕ್ಕೆ ಬೇಕು. ಪ್ಯಾನಲ್ ಮಲಗಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕಪ್ಪು, ಬಿಳಿ, ಗುಲಾಬಿ ಹನಿಗಳನ್ನು ಸಿಡಿಸಿ. ಕೊನೆಗೆ ಪ್ಯಾನಲನ್ನು ನಿಲ್ಲಿಸಿ, ಮೇಲಂಚಿನಲ್ಲಿ ಎರಡು ಮೂರು ಕಡೆ ತೆಳು ಕಪ್ಪು ಹಚ್ಚಿ ನೀರು ಚಿಮುಕಿಸಿ. ತಾನಾಗಿಯೇ ಇಳಿದು ಬರುವ ಆ ಕಪ್ಪು ಗೆರೆಗಳೇ ಮಳೆನೀರು ಹರಿದ ಗುರುತು. ಕೈಯಿಂದ ಬರೆಯಲು ಹೋದರೆ ಇಷ್ಟು ಚೆನ್ನಾಗಿ ಬರುವುದಿಲ್ಲ. ಪಾಚಿಯ ಹಸಿರು ಕಡಿಮೆ ಇರಲಿ. ಹಂಪಿ ಒಣ ಸೀಮೆ. ಹಸಿರು ಜಾಸ್ತಿಯಾದರೆ ಗೋಡೆ ಮಲೆನಾಡಿಗೆ ಹೋಗಿಬಿಡುತ್ತದೆ.

ಮೇಲಿಂದ ನೀರಿನ ಆಧಾರದ ಮ್ಯಾಟ್ ಕ್ಲಿಯರ್ ವಾರ್ನಿಷ್ ಒಂದು ಕೋಟ್. ಹೊಳಪಿನದು ಬೇಡ, ಲೈಟ್ ಬಿದ್ದರೆ ಪ್ಲಾಸ್ಟಿಕ್ಕೇ ಕಾಣುತ್ತದೆ.

ರಂಗದ ಮೇಲೆ

ಪ್ಯಾನಲನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನಿಲ್ಲಿಸಿ, ಹಿಂದೆ ಮರದ ಆಸರೆ ಕೊಟ್ಟು ಅದರ ಬುಡಕ್ಕೆ ಮರಳು ಚೀಲ ಹೇರಿ. ನಿಜವಾದ ಗೋಡೆಯ ವಾಲಿಕೆಯೂ ಬಂತು, ಮುಂದಕ್ಕೆ ಬೀಳುವ ಭಯವೂ ಕಡಿಮೆಯಾಯಿತು. ನಟರು ಒರಗಬಹುದಾದ ಜಾಗ ಇದಲ್ಲ ಎಂದು ಮೊದಲೇ ಹೇಳಿಬಿಡಿ.

ಲೈಟ್ ಎದುರಿನಿಂದ ಬಿದ್ದರೆ ಅಷ್ಟು ಕೆತ್ತಿದ್ದೆಲ್ಲ ಚಪ್ಪಟೆ. ಪಕ್ಕದಿಂದ ಒಂದಾದರೂ ಇರಲಿ. ನೀಲಿ ಬೆಳಕಿನಲ್ಲಿ ಗುಲಾಬಿ ಸತ್ತುಹೋಗುತ್ತದೆ, ಆದ್ದರಿಂದ ಕೊನೆಯ ಒಣ ಬ್ರಷ್ ಮಾಡುವ ಮೊದಲು ಸಾಧ್ಯವಾದರೆ ರಂಗದ ಬೆಳಕಿನಲ್ಲೇ ಒಮ್ಮೆ ನೋಡಿ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ. ಈ ಫೋಮ್ 75–80 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು, ಹೊತ್ತಿಕೊಂಡರೆ ಕರಗಿ ತೊಟ್ಟಿಕ್ಕುತ್ತಾ ದಟ್ಟ ಕಪ್ಪು ಹೊಗೆ ಬಿಡುತ್ತದೆ. ಪುಟ್ಟಿ ಲೇಪ ಇದೆ ಅಂತ ಧೈರ್ಯ ಮಾಡಬೇಡಿ. ಬಿಸಿಯಾಗುವ ಹ್ಯಾಲೊಜನ್ ಲೈಟುಗಳನ್ನು ಕನಿಷ್ಠ ಒಂದು ಮೀಟರ್ ದೂರ ಇಡಿ, ಎಲ್‌ಇಡಿ ಇದ್ದರೆ ಇನ್ನೂ ಒಳ್ಳೆಯದು. ಗೋಡೆಯ ಮುಂದೆ ನಿಜವಾದ ಪಂಜು ಬೇಡ. ಮನೆಯಲ್ಲಿ ಹಾಕುವ ಆಸೆ ಇದ್ದರೆ ಅಡುಗೆಮನೆ ಮತ್ತು ದೀಪ ಹಚ್ಚುವ ದೇವರ ಗೂಡಿನ ಹಿಂದೆ ಖಂಡಿತ ಬೇಡ.

ಸಾಗಿಸುವಾಗ ಪ್ಯಾನಲ್‌ಗಳನ್ನು ಮುಖಕ್ಕೆ ಮುಖ ಮಾಡಿ, ನಡುವೆ ಹಳೇ ಕಂಬಳಿ ಹಾಕಿ ನಿಲ್ಲಿಸಿ. ಬೇಸಿಗೆಯ ಬಿಸಿಲಿನಲ್ಲಿ ಲಾರಿಯ ಮೇಲೆ ಟಾರ್ಪಾಲ್ ಬಿಗಿದು ದಿನವಿಡೀ ಬಿಟ್ಟರೆ ಬೋರ್ಡ್ ಬಾಗಬಹುದು. ಮೂಲೆ ಕಿತ್ತರೆ ಅದೇ ಪುಟ್ಟಿ ಮಿಶ್ರಣ ತುಂಬಿ, ಮೂರು ನಡುಬಣ್ಣದಲ್ಲಿ ಒಂದನ್ನು ಒತ್ತಿ, ನೀರ್‌ಬಣ್ಣ ಒರೆಸಿದರೆ ಹತ್ತು ನಿಮಿಷದ ಕೆಲಸ. ಅದಕ್ಕೇ ಮೂರೂ ಬಣ್ಣವನ್ನು ಒಂದೊಂದು ಚಿಕ್ಕ ಬಾಟಲಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು, ಪ್ಯಾನಲಿನ ಜೊತೆಗೇ ಇಟ್ಟುಬಿಡಿ.